ಸಾಕ್ಷಿಯ ಹೆಸರನ್ನು ಮರೆಮಾಡುವುದು ನ್ಯಾಯವೋ?

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಕೇಳದವರು ನಮ್ಮ ಸಭೆಗಳಲ್ಲಿ ಯಾರೂ ಇರಲಿಕ್ಕಿಲ್ಲ. ಇದು ನಗುವಿಗಾಗಿ ಹುಟ್ಟಿದ ಮಾತಲ್ಲ; ನಿಜವನ್ನು ನುಡಿದು ಏಟು ತಿಂದವರ ಬಾಯಿಂದ ಹುಟ್ಟಿದ್ದು. ನಿಜ ಹೇಳುವವನಿಗೆ ಒದೆಯು ತಪ್ಪದು, ಆದಕಾರಣ ಬುದ್ಧಿವಂತನು ಬಾಯಿ ಮುಚ್ಚಿಕೊಂಡಿರಲಿ ಎಂಬುದೇ ಅದರ ಒಳಗಿನ ಬೋಧನೆಯಾಗಿದೆ. ಆದರೆ ದೇವರ ವಾಕ್ಯವು ನಮಗೆ ಬೇರೊಂದನ್ನು ಬೋಧಿಸುತ್ತದೆ. ಕಂಡವನೂ ತಿಳಿದವನೂ ಆದ ಸಾಕ್ಷಿಯು ತಿಳಿಸದೆ ಹೋದರೆ ಆ ಪಾಪದ ಫಲವನ್ನು ಅವನೇ ಹೊರಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ (ಯಾಜಕ. 5:1). ಹೀಗಿರಲಾಗಿ ಒಂದು ಕಡೆ ಗಾದೆಯ ಹೆದರಿಕೆ, ಇನ್ನೊಂದು ಕಡೆ ದೇವರ ವಿಧಿ. ಇವೆರಡರ ನಡುವೆ ಸಿಕ್ಕಿದ ಬಡವನು ಏನು ಮಾಡತಕ್ಕದ್ದು?

ಪ್ರಿಯ ವಾಚಕರೇ, ಕೃಷ್ಣಾ ಹೊಳೆಯ ದಂಡೆಯಲ್ಲಿರುವ ಹಿಪ್ಪರಗಿಯಂಥಾ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳಿರಿ. ರಾತ್ರಿ ಕರೆಂಟು ಬಂದಾಗ ಕಬ್ಬಿಗೆ ನೀರು ಹಾಯಿಸಲು ಹೋದ ಒಬ್ಬ ಕೂಲಿಯವನು ಕಾಲುವೆಯ ದಾರಿಯಲ್ಲಿ ಒಬ್ಬನನ್ನು ಕಡಿದು ಕೆಡವಿದ್ದನ್ನು ಕಣ್ಣಾರೆ ಕಂಡನೆಂದು ಎಣಿಸೋಣ. ಕಡಿದವರ ಮುಖವೂ ಅವನಿಗೆ ಗುರುತು ಸಿಕ್ಕಿತು. ಬೆಳಗಾದ ಮೇಲೆ ಪೊಲೀಸರು ಬಂದು ಅಗಸಿಯ ಕಟ್ಟೆಯ ಬಳಿಯಲ್ಲಿ ಎಲ್ಲರನ್ನೂ ವಿಚಾರಿಸಿದರು. ಯಾರೂ ಏನನ್ನೂ ಕಂಡಿರಲಿಲ್ಲ. ಆ ಕೂಲಿಯವನೂ ತಲೆ ತಗ್ಗಿಸಿ ನಿಂತನು. ಯಾಕಂದರೆ ಕಡಿದವರ ಹೊಲದಲ್ಲಿಯೇ ಅವನ ದುಡಿಮೆ, ಅವರ ಅಂಗಡಿಯಲ್ಲಿಯೇ ಅವನ ಸಾಲ, ಅವರ ಓಣಿಯನ್ನು ದಾಟಿಯೇ ಅವನ ಮಗಳು ಸಾಲೆಗೆ ಹೋಗಬೇಕು. ಆತನು ಸುಳ್ಳುಗಾರನಲ್ಲ, ಕೆಟ್ಟವನೂ ಅಲ್ಲ. ಆದರೆ ಸತ್ತವನ ಹೆಂಡತಿಯು ಅತ್ತ ಅಳುವು ಅವನ ನಿದ್ರೆಯನ್ನು ಕೆಡಿಸುತ್ತಾ ಇರುತ್ತದೆ.

ಇಂಥವನಿಗಾಗಿ ನಮ್ಮ ದೇಶದ ನ್ಯಾಯಸ್ಥಾನಗಳು ಒಂದು ಏರ್ಪಾಡನ್ನು ಮಾಡಿವೆ. ಸಾಕ್ಷಿಯ ಹೆಸರನ್ನೂ ಗುರುತನ್ನೂ ಮರೆಮಾಡಿ, ಅವನ ಜೀವವನ್ನು ಕಾಪಾಡಿ, ಅವನ ಬಾಯಿಂದ ನಿಜವನ್ನು ಕೇಳಿಕೊಳ್ಳುವ ಏರ್ಪಾಡು ಅದು. ಇದನ್ನು ಕೇಳಿದಾಗ ಎರಡು ಸಂದೇಹಗಳು ಹುಟ್ಟುತ್ತವೆ. ಹೆಸರನ್ನು ಮುಚ್ಚಿಕೊಂಡು ಸಾಕ್ಷಿ ಹೇಳುವುದು ಕ್ರಿಸ್ತನ ಶಿಷ್ಯನಿಗೆ ತಕ್ಕದ್ದೋ, ಅದು ಹೇಡಿತನವಲ್ಲವೋ ಎಂಬುದು ಮೊದಲನೆಯದು. ತನ್ನ ಮೇಲೆ ಹೇಳುವವನು ಯಾರೆಂದು ಆಪಾದಿತನಿಗೆ ತಿಳಿಯದಿದ್ದರೆ ಅವನಿಗೆ ಅನ್ಯಾಯವಾಗುವುದಿಲ್ಲವೋ ಎಂಬುದು ಎರಡನೆಯದು. ಇವೆರಡೂ ಪೊಳ್ಳು ಸಂದೇಹಗಳಲ್ಲ. ಆದಕಾರಣ ಒಂದೊಂದಾಗಿ ವಿಚಾರಿಸೋಣ.

ಮೊದಲು ಈ ಏರ್ಪಾಡು ಯಾಕೆ ಬೇಕಾಯಿತೆಂದು ತಿಳಿಯಬೇಕು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಎಂಬ ಹಳ್ಳಿಯಲ್ಲಿ 2000ನೇ ಮಾರ್ಚ್ 11ರಂದು ದಲಿತರ ಮನೆಗಳಿಗೆ ಬೆಂಕಿ ಹಚ್ಚಲಾಯಿತು. ಏಳು ಮಂದಿ ಬೆಂದು ಸತ್ತರು. ಊರಿಗೆ ಊರೇ ಕಂಡ ಕೃತ್ಯವಿದು. ಆದರೆ ಮೊಕದ್ದಮೆ ನಡೆದಾಗ ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹಿಂದೆ ಸರಿದು, ನ್ಯಾಯಾಲಯದ ಭಾಷೆಯಲ್ಲಿ ಹೇಳುವಂತೆ ಪ್ರತಿಕೂಲ ಸಾಕ್ಷಿಗಳಾದರು. 2006ರಲ್ಲಿ ಆಪಾದಿತರ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಜನ ಬೆಂದದ್ದು ನಿಜ. ಆದರೆ ಬೆಂಕಿ ಇಟ್ಟವರು ಯಾರೆಂದು ಕಾನೂನಿನ ಮುಂದೆ ಹೇಳುವ ಬಾಯಿ ಉಳಿಯಲಿಲ್ಲ. ಸಾಕ್ಷಿ ಇಲ್ಲದೆ ಶಿಕ್ಷಿಸಲು ನ್ಯಾಯಾಧೀಶರಿಗೆ ಅಧಿಕಾರವಿಲ್ಲ, ಇರಲೂ ಬಾರದು.

ಇದಕ್ಕೆ ಎದುರಾಗಿ ಇನ್ನೊಂದನ್ನು ನೋಡಿರಿ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ನೇ ಆಗಸ್ಟ್ ತಿಂಗಳಲ್ಲಿ ದಲಿತರ ಗುಡಿಸಲುಗಳ ಮೇಲೆ ಬಿದ್ದ ಗುಂಪಿನ ಸಂಗತಿಯಲ್ಲಿ, ಹತ್ತು ವರುಷಗಳಾದ ಮೇಲೆ, 2024ನೇ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಆಜೀವ ಸೆರೆವಾಸವನ್ನು ವಿಧಿಸಿತು. ಮೇಲಿನ ನ್ಯಾಯಾಲಯದಲ್ಲಿ ಮನವಿ ಮಾಡಿಕೊಳ್ಳುವ ಹಕ್ಕು ಶಿಕ್ಷೆ ಹೊಂದಿದವರಿಗೆ ಇದ್ದೇ ಇದೆ. ಆದರೂ ಹಳ್ಳಿಯ ಬಡವರ ಮಾತು ಹತ್ತು ವರುಷ ನಿಂತಿತೆಂಬುದು ಸಣ್ಣ ಸಂಗತಿಯಲ್ಲ. ಮಾತು ನಿಲ್ಲುವುದೂ ಬೀಳುವುದೂ ಹೇಳುವವನ ಧೈರ್ಯ ಒಂದರಿಂದಲೇ ಅಲ್ಲ, ಅವನ ಬೆನ್ನಿಗೆ ಯಾರಿದ್ದಾರೆಂಬುದರಿಂದಲೂ ಆಗುತ್ತದೆ.

ಹೀಗೆ ಬೆನ್ನಿಗೆ ನಿಲ್ಲುವ ಸಲುವಾಗಿ 2018ನೇ ವರುಷದ ಸಾಕ್ಷಿ ಸಂರಕ್ಷಣಾ ಯೋಜನೆಯು ಹುಟ್ಟಿತು. ಅದೇ ವರುಷದ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎ. ಕೆ. ಸಿಕ್ರಿಯವರೂ ನಮ್ಮ ನಾಡಿನವರೇ ಆದ ಎಸ್. ಅಬ್ದುಲ್ ನಜೀರರೂ ಅದನ್ನು ಒಪ್ಪಿ, ಬೇರೆ ಕಾನೂನು ಆಗುವ ವರೆಗೆ ದೇಶದಲ್ಲೆಲ್ಲಾ ಅದೇ ಕಾನೂನಾಗಿ ನಡೆಯಬೇಕೆಂದು ತೀರ್ಪು ಕೊಟ್ಟರು. ಆಮೇಲೆ 2024ನೇ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು, ಪ್ರತಿಯೊಂದು ರಾಜ್ಯ ಸರಕಾರವು ಇಂಥಾ ಯೋಜನೆಯನ್ನು ಮಾಡತಕ್ಕದ್ದೆಂದು ವಿಧಿಸಿತು.

2018ರ ಯೋಜನೆಯ ನಡೆಯು ಹೀಗಿದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಒಂದು ಸಮಿತಿಯುಂಟು. ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಸರಕಾರಿ ಅಭಿಯೋಜನೆಯ ಮುಖ್ಯಸ್ಥರೂ ಅದರಲ್ಲಿರುತ್ತಾರೆ. ಹಿಪ್ಪರಗಿಯವರಿಗೆ ಅದು ಬಾಗಲಕೋಟೆಯಲ್ಲಿ. ಭಯದಲ್ಲಿರುವ ಸಾಕ್ಷಿಯಾಗಲಿ ಅವನ ಮನೆಯವರಾಗಲಿ ವಕೀಲರಾಗಲಿ ತನಿಖೆಯ ಅಧಿಕಾರಿಯಾಗಲಿ ಅರ್ಜಿ ಕೊಡಬಹುದು. ಆ ಉಪವಿಭಾಗದ ಪೊಲೀಸ್ ಉಪಾಧೀಕ್ಷಕರು, ಅಪಾಯವು ಎಷ್ಟೆಂದು ವಿಚಾರಿಸಿ, ಅಪ್ಪಣೆ ತಲಪಿದ 5 ಕೆಲಸದ ದಿವಸಗಳೊಳಗೆ ವರದಿ ಒಪ್ಪಿಸಬೇಕು. ವರದಿ ಬಂದ 5 ಕೆಲಸದ ದಿವಸಗಳೊಳಗೆ ಸಮಿತಿಯು ಅರ್ಜಿಯನ್ನು ತೀರಿಸಬೇಕು. ಅವಸರವಿದ್ದರೆ ಅದಕ್ಕೂ ಮುಂಚೆ ರಕ್ಷಣೆ ಕೊಡಬಹುದು. ಅಪಾಯವನ್ನು ಮೂರು ದರ್ಜೆಗಳಾಗಿ ವಿಭಾಗಿಸಿದ್ದಾರೆ: ಸಾಕ್ಷಿಯ ಅಥವಾ ಅವನ ಮನೆಯವರ ಜೀವಕ್ಕೆ ಅಪಾಯವಿರುವುದು, ಅವರ ಕ್ಷೇಮಕ್ಕೋ ಮಾನಕ್ಕೋ ಆಸ್ತಿಗೋ ಅಪಾಯವಿರುವುದು, ಬೆದರಿಕೆ ಕಿರುಕುಳಗಳಿರುವುದು. ಇದಕ್ಕೆ ತಕ್ಕ ಹಾಗೆ ಕಾವಲು, ನ್ಯಾಯಾಲಯಕ್ಕೆ ಹೋಗಿ ಬರಲು ಜೊತೆ, ಸ್ವಲ್ಪ ಕಾಲ ಬೇರೆ ಊರಲ್ಲಿ ವಾಸ, ಮುಚ್ಚಿದ ಬಾಗಿಲೊಳಗೆ ವಿಚಾರಣೆ, ಆಪಾದಿತನು ಎದುರಾಗದಂಥಾ ದಾರಿ, ಕಾಗದಪತ್ರಗಳಲ್ಲಿ ನಿಜ ಹೆಸರಿಗೆ ಬದಲಾಗಿ ಬೇರೆ ಹೆಸರು ಇಲ್ಲವೆ ಒಂದು ಅಕ್ಷರ, ಇವುಗಳಲ್ಲಿ ಬೇಕಾದದ್ದನ್ನು ಕೊಡಬಹುದು. ಒಂದು ಸಾರಿಗೆ ಮೂರು ತಿಂಗಳಿಗೆ ಮೀರದಂತೆ ಅಪ್ಪಣೆ ಮಾಡುತ್ತಾರೆ. ಪೊಲೀಸರು, ವಕೀಲರು, ನ್ಯಾಯಾಲಯದ ನೌಕರರು ಎಲ್ಲರೂ ಗುಟ್ಟನ್ನು ಕಾಪಾಡತಕ್ಕವರಾಗಿದ್ದಾರೆ.

ಈಗ ಮೊದಲನೆಯ ಸಂದೇಹಕ್ಕೆ ಬರೋಣ. ಇದು ಹೇಡಿತನವೋ? ಅಪೊಸ್ತಲರ ಕೃತ್ಯಗಳ 23ನೇ ಅಧ್ಯಾಯವನ್ನು ತೆರೆದು ನೋಡಿರಿ. ಪೌಲನನ್ನು ಕೊಲ್ಲುವ ವರೆಗೆ ಅನ್ನ ನೀರು ಮುಟ್ಟುವುದಿಲ್ಲವೆಂದು ನಾಲ್ವತ್ತಕ್ಕಿಂತ ಹೆಚ್ಚು ಜನರು ಶಪಥ ಮಾಡಿಕೊಂಡರು. ಈ ಹೊಂಚು ಪೌಲನ ತಂಗಿಯೋ ಅಕ್ಕನೋ ಆದವಳ ಮಗನ ಕಿವಿಗೆ ಬಿತ್ತು. ಆ ಹುಡುಗನು ಕೋಟೆಯೊಳಗೆ ಬಂದು ಪೌಲನಿಗೆ ತಿಳಿಸಿದನು. ಪೌಲನು ಅವನನ್ನು ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದನು. ಆ ಅಧಿಕಾರಿಯು ಮಾಡಿದ್ದನ್ನು ಗಮನಿಸಿರಿ. ಅವನು ಹುಡುಗನ ಕೈಹಿಡಿದು ಒತ್ತಟ್ಟಿಗೆ ಕರಕೊಂಡು ಹೋಗಿ ಕೇಳಿದನು. ಕೇಳಿದ ಮೇಲೆ, ನೀನು ನನಗೆ ಇದನ್ನು ತಿಳಿಸಿದ್ದನ್ನು ಯಾರಿಗೂ ಹೇಳಬೇಡವೆಂದು ಅಪ್ಪಣೆಕೊಟ್ಟು ಅವನನ್ನು ಕಳುಹಿಸಿಬಿಟ್ಟನು. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆಯ ಸವಾರರು, 200 ಭರ್ಜಿಯವರು, ಒಟ್ಟು 470 ಜನರ ಕಾವಲಿನಲ್ಲಿ ಪೌಲನನ್ನು ಕೈಸರೈಯದ ದಾರಿಗೆ ಹೊರಡಿಸಿದನು. ಅಧಿಪತಿಯಾದ ಫೆಲಿಕ್ಸನಿಗೆ ಬರೆದ ಪತ್ರದಲ್ಲಿಯೂ ಹೊಂಚಿನ ಸುದ್ದಿ ತನಗೆ ತಿಳಿದು ಬಂತೆಂದು ಬರೆದನೇ ಹೊರತು, ತಿಳಿಸಿದವನು ಯಾರೆಂದು ಬರೆಯಲಿಲ್ಲ. ಲೂಕನು ಸಹ ಆ ಹುಡುಗನ ಹೆಸರನ್ನು ನಮಗೆ ಹೇಳಲಿಲ್ಲ. ಇಂದಿಗೂ ಅದು ನಮಗೆ ತಿಳಿಯದು. ಹೆಸರಿಲ್ಲದ ಆ ಬಾಯಿಂದ ಅಪೊಸ್ತಲನ ಜೀವವು ಉಳಿಯಿತು, ರೋಮಾಪುರಕ್ಕೆ ಸುವಾರ್ತೆಯ ದಾರಿಯು ತೆರೆಯಿತು.

ಆದಕಾರಣ ಹೆಸರು ಮುಚ್ಚಿದ್ದರಿಂದಲೇ ಸಾಕ್ಷಿಯು ಹೇಡಿಯಾಗುವುದಿಲ್ಲ. ಬಾಯಿ ಮುಚ್ಚಿದವನು ಹೆದರಿದನೆಂದು ಹೇಳಬಹುದು. ಹೆಸರು ಮುಚ್ಚಿ ಬಾಯಿ ತೆರೆದವನು ಹೆದರಿಕೆಯನ್ನು ಗೆದ್ದಿದ್ದಾನೆ. ಕರ್ತನಿಗಾಗಿ ತನ್ನ ಪ್ರಾಣವನ್ನು ಕೊಡುತ್ತೇನೆಂದು ಒಬ್ಬನು ತನ್ನ ವಿಷಯದಲ್ಲಿ ಹೇಳಬಹುದು. ಆದರೆ ನೆರೆಯವನಿಗೆ, ಅವನ ಹೆಂಡತಿ ಮಕ್ಕಳಿಗೆ, ನೀವು ಪ್ರಾಣ ಕೊಡಿರಿ ಎಂದು ಆಜ್ಞಾಪಿಸಲು ನಮ್ಮಲ್ಲಿ ಯಾರಿಗೂ ಹಕ್ಕಿಲ್ಲ. ದಮಸ್ಕದಲ್ಲಿ ಪೌಲನನ್ನು ಶಿಷ್ಯರು ರಾತ್ರಿಯಲ್ಲಿ ಹೆಡಿಗೆಯೊಳಗೆ ಕೂಡ್ರಿಸಿ ಗೋಡೆಯಿಂದ ಕೆಳಗೆ ಇಳಿಸಿದರು. ಅವನನ್ನು ಹೇಡಿಯೆಂದು ಯಾವ ಸಭೆಯೂ ಕರೆಯಲಿಲ್ಲ.

ಎರಡನೆಯ ಸಂದೇಹವು ಇದಕ್ಕಿಂತ ಕಠಿಣವಾದದ್ದು. ಅದೇ ಅಪೊಸ್ತಲರ ಕೃತ್ಯಗಳಲ್ಲಿ ಅದೇ ಪೌಲನ ಮೊಕದ್ದಮೆಯ ಮುಂದಿನ ಭಾಗವನ್ನು ಓದಿರಿ. ಆಪಾದಿತನು ತಪ್ಪುಹೊರಿಸುವವರಿಗೆ ಮುಖಾಮುಖಿಯಾಗಿ ನಿಂತು ಪ್ರತಿವಾದ ಮಾಡುವ ಮೊದಲು ಅವನನ್ನು ಒಪ್ಪಿಸಿಕೊಡುವುದು ರೋಮಾಯರ ಪದ್ಧತಿಯಲ್ಲವೆಂದು ಫೆಸ್ತನು ಯೆಹೂದ್ಯರ ಮುಖಂಡರಿಗೆ ಉತ್ತರ ಕೊಟ್ಟನು (ಅ. ಕೃ. 25:16). ಆ ಪದ್ಧತಿಯು ಪೌಲನನ್ನು ಕಾಪಾಡಿತು. ಹೀಗೆ ಒಂದೇ ಮೊಕದ್ದಮೆಯಲ್ಲಿ ತಿಳಿಸಿದವನ ಹೆಸರನ್ನು ಮುಚ್ಚುವುದೂ ಹೊರಿಸಿದವರ ಮುಖವನ್ನು ತೆರೆಯುವುದೂ ಎರಡೂ ನ್ಯಾಯವಾಗಿಯೇ ನಡೆದವು. ಇದರಲ್ಲಿ ವಿರೋಧವಿಲ್ಲ. ಯಾಕಂದರೆ ಹುಡುಗನ ಮಾತಿನಿಂದ ಒಬ್ಬನ ಜೀವ ಉಳಿಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಯೆಹೂದ್ಯರ ಮಾತಿನಿಂದಲಾದರೋ ಒಬ್ಬ ಮನುಷ್ಯನ ತಲೆ ಹೋಗುವದಿತ್ತು. ಕೇಡನ್ನು ತಡೆಯುವ ಮಾತನ್ನು ಎಷ್ಟು ಬೇಕಾದರೂ ಗುಟ್ಟಾಗಿ ಇಡಬಹುದು. ಒಬ್ಬನನ್ನು ಸೆರೆಗೋ ಗಲ್ಲಿಗೋ ಒಪ್ಪಿಸುವ ಮಾತನ್ನಾದರೋ ಒರೆಗೆ ಹಚ್ಚಿಯೇ ನೋಡಬೇಕು.

ಹೇಳುವವನು ಯಾರೆಂದು ತಿಳಿಯದಿದ್ದರೆ ಒರೆಗೆ ಹಚ್ಚುವುದು ಹೇಗೆ? ಇವನಿಗೂ ನನಗೂ ಹೊಲದ ಬದುವಿನ ಜಗಳವಿದೆ, ಇವನು ಆ ರಾತ್ರಿ ಊರಲ್ಲಿಯೇ ಇರಲಿಲ್ಲ, ಎಂದು ಆಪಾದಿತನ ವಕೀಲನು ಪಾಟೀಸವಾಲಿನಲ್ಲಿ ತೋರಿಸಬೇಕಾದರೆ ಹೇಳುವವನ ಗುರುತು ಬೇಕು. ಇದೇ ಕಾರಣದಿಂದ ಇಂಗ್ಲೆಂಡಿನ ಉಚ್ಚ ನ್ಯಾಯಸ್ಥಾನವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2008ನೇ ಜೂನ್ ತಿಂಗಳಲ್ಲಿ, ಹೆಸರು ಮುಚ್ಚಿದ ಸಾಕ್ಷಿಗಳ ಮಾತಿನ ಮೇಲೆ ಕೊಲೆಯ ಅಪರಾಧವನ್ನು ಸ್ಥಾಪಿಸಿದ್ದು ನ್ಯಾಯವಾದ ವಿಚಾರಣೆಯಲ್ಲವೆಂದು ತೀರ್ಪು ಕೊಟ್ಟಿತು. ಆದರೆ ಸಾಕ್ಷಿಗಳ ಜೀವದ ಭಯವೂ ಸುಳ್ಳಲ್ಲವೆಂದು ಅಲ್ಲಿಯ ಪಾರ್ಲಿಮೆಂಟು ಮುಂದಿನ ತಿಂಗಳಲ್ಲಿಯೇ ಒಂದು ಕಾಯಿದೆ ಮಾಡಿ, ನ್ಯಾಯಾಧೀಶನು ಕಟ್ಟುನಿಟ್ಟಾಗಿ ತೂಗಿ ನೋಡಿದ ಮೇಲೆ ಮಾತ್ರ ಅದಕ್ಕೆ ಅವಕಾಶ ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟು ಸಹ 1994ರಲ್ಲಿ ಕರ್ತಾರ್ ಸಿಂಗ್ ಮೊಕದ್ದಮೆಯಲ್ಲಿ, ಭಯೋತ್ಪಾದನೆಯ ಕಾಯಿದೆಯ ವಿಷಯವಾಗಿ ಹೇಳುತ್ತಾ, ಸಾಕ್ಷಿಗಳ ಹೆಸರನ್ನು ವಿಚಾರಣೆ ಆರಂಭವಾಗುವ ಮೊದಲು ಆಪಾದಿತನಿಗೆ ತಿಳಿಸಬೇಕು, ಬಲವಾದ ಕಾರಣಗಳಿದ್ದರೆ ಮಾತ್ರ ನ್ಯಾಯಾಲಯವು ಮರೆಮಾಡಬಹುದು ಎಂಬ ಅಭಿಪ್ರಾಯಪಟ್ಟಿತು.

ಹೀಗೆ ನೋಡಿದರೆ ಮರೆಮಾಡುವುದರಲ್ಲಿ ಮೆಟ್ಟಲುಗಳಿವೆ. ಬೀದಿಯ ಜನರಿಂದ ಹೆಸರನ್ನು ಮರೆಮಾಡುವುದರಿಂದ ಯಾರಿಗೂ ಅನ್ಯಾಯವಿಲ್ಲ. ಅದು ಯಾವಾಗಲೂ ಸರಿ. ತನಿಖೆ ನಡೆಯುವ ವರೆಗೆ ಆಪಾದಿತನಿಂದ ಮರೆಮಾಡುವುದೂ ಸಾಮಾನ್ಯವಾಗಿ ಸರಿ, ಯಾಕಂದರೆ ಅವನಿಗೆ ಇನ್ನೂ ಉತ್ತರ ಕೊಡುವ ಕಾಲವು ಬಂದಿಲ್ಲ. ವಿಚಾರಣೆಯಲ್ಲಿಯೂ ಅವನಿಂದ ಮರೆಮಾಡುವುದು ಬಹು ಅಪರೂಪವಾಗಿ, ಬಹು ಭಾರವಾದ ಕಾರಣಕ್ಕೆ ಮಾತ್ರ ಆಗಬೇಕು. ಆಗಲೂ ಅಂಥಾ ಒಂದೇ ಬಾಯಿಯ ಮೇಲೆ ಯಾರನ್ನೂ ಶಿಕ್ಷಿಸಬಾರದು. ಇಬ್ಬರು ಮೂವರ ಸಾಕ್ಷಿ ಬೇಕೆಂದು ಧರ್ಮೋಪದೇಶಕಾಂಡವು ಹೇಳಿದ್ದು ಸುಮ್ಮನೆ ಅಲ್ಲ (19:15). ನ್ಯಾಯಾಧೀಶನಿಂದಲಾದರೋ ಸಾಕ್ಷಿಯ ಹೆಸರನ್ನು ಎಂದಿಗೂ ಮರೆಮಾಡಬಾರದು.

ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿ ಬಂದ ಒಂದು ಸಂಗತಿಯನ್ನು ಇಲ್ಲಿ ನೆನಸಬೇಕಾಗಿದೆ. 2025ನೇ ಜುಲೈ ತಿಂಗಳ ಆರಂಭದಲ್ಲಿ, ಹಿಂದೆ ಧರ್ಮಸ್ಥಳದಲ್ಲಿ ಶುಚಿಮಾಡುವ ಕೆಲಸದಲ್ಲಿದ್ದ ಒಬ್ಬನು, 1995ರಿಂದ 2014ರ ವರೆಗೆ ತಾನು ಅಲ್ಲಿ ಅನೇಕ ಶವಗಳನ್ನು ಹೂಳಿದೆನೆಂದು ದಕ್ಷಿಣ ಕನ್ನಡ ಜಿಲ್ಲೆಯ ಪೊಲೀಸರಿಗೆ ದೂರು ಕೊಟ್ಟನು. ಅವನು ತಲೆಯಿಂದ ಕಾಲಿನ ವರೆಗೆ ಕಪ್ಪು ಬಟ್ಟೆ ಹೊದ್ದುಕೊಂಡು ಬೆಳ್ತಂಗಡಿಯ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಟ್ಟನು. 2018ರ ಯೋಜನೆಯ ಪ್ರಕಾರ ಅವನಿಗೆ ರಕ್ಷಣೆಯೂ ದೊರೆಯಿತು. ಜುಲೈ 19ರಂದು ಸರಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು. ಅವನು ತೋರಿಸಿದ ಸ್ಥಳಗಳನ್ನು ಆ ತಿಂಗಳ ಕೊನೆಯಿಂದ ಅಗೆದು ನೋಡಿದರು. ಆಗಸ್ಟ್ 23ರಂದು, ಸುಳ್ಳು ಹೇಳಿದನೆಂಬ ಆರೋಪದ ಮೇಲೆ, ಅದೇ ತಂಡದವರು ಅವನನ್ನೇ ಬಂಧಿಸಿದರು. ಅವನ ಹೆಸರೂ ಮುಖವೂ ನಾಡಿಗೆಲ್ಲಾ ತಿಳಿದವು.

ಈ ಸಂಗತಿಯ ನಿಜವೇನೆಂದು ತೀರ್ಮಾನಿಸುವುದು ನ್ಯಾಯಸ್ಥಾನದ ಕೆಲಸ, ನಮ್ಮದಲ್ಲ. ಬೇರೆ ಮತದವರ ಪುಣ್ಯಕ್ಷೇತ್ರದ ವಿಷಯವಾಗಿ ಬಂದ ಪ್ರತಿಯೊಂದು ಗಾಳಿಮಾತನ್ನು ನಂಬಿ ಮೊಬೈಲಿನಲ್ಲಿ ಹಂಚಿದವರು ನಮ್ಮ ಸಭೆಗಳಲ್ಲಿ ಇದ್ದರೆ ಅವರು ತಮ್ಮನ್ನು ಪರೀಕ್ಷಿಸಿಕೊಳ್ಳಲಿ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯಲ್ಲಿ ನೆರೆಯವನು ಯಾವ ಮತದವನೆಂದು ಕೇಳಿಲ್ಲ. ಅಂತೆಯೇ, ಒಬ್ಬನ ಬಂಧನವಾಯಿತೆಂಬ ಮಾತ್ರಕ್ಕೆ, ಭಯದಿಂದ ಬಾಯಿ ಬಿಡುವ ಬಡವರೆಲ್ಲರೂ ಸುಳ್ಳುಗಾರರೆಂದು ನಗುವವರೂ ತಪ್ಪಿದವರೇ.

ಇದರಿಂದ ನಾವು ಕಲಿಯುವ ಪಾಠವು ಏನಂದರೆ, ಮುಚ್ಚಿದ ಮುಖವು ಮಾತನ್ನು ಸತ್ಯಮಾಡುವುದಿಲ್ಲ, ಸುಳ್ಳುಮಾಡುವುದೂ ಇಲ್ಲ. ನಾಬೋತನ ಮೇಲೆ ಸಾಕ್ಷಿ ಹೇಳಿದ ಇಬ್ಬರು ದುಷ್ಟರು ಮುಖ ಮುಚ್ಚಿಕೊಂಡಿರಲಿಲ್ಲ. ಊರ ಹಿರಿಯರ ಸಭೆಯಲ್ಲಿ, ಅವನ ಎದುರಿನಲ್ಲಿಯೇ ಕೂತು ತೆರೆದ ಮುಖದಿಂದ ಸುಳ್ಳು ಹೇಳಿದರು (1 ಅರಸು. 21:13). ನಾಬೋತನು ಕಲ್ಲೆಸೆತದಿಂದ ಸತ್ತನು, ಅವನ ದ್ರಾಕ್ಷೇತೋಟವು ಅಹಾಬನ ಪಾಲಾಯಿತು. ಅಲ್ಲಿ ಇಲ್ಲದೆ ಹೋದದ್ದು ತೆರೆದ ಮುಖವಲ್ಲ, ವಿಚಾರಿಸುವ ಮನಸ್ಸು. ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕು, ಸಾಕ್ಷಿಯು ಸುಳ್ಳುಗಾರನೆಂದು ತಿಳಿದರೆ ಅವನು ಇನ್ನೊಬ್ಬನಿಗೆ ಮಾಡಬೇಕೆಂದಿದ್ದದ್ದನ್ನು ಅವನಿಗೇ ಮಾಡಬೇಕು ಎಂಬುದು ದೇವರ ನ್ಯಾಯವಿಧಿ (ಧರ್ಮೋ. 19:18, 19). ನಮ್ಮ ದೇಶದ ಕಾನೂನಿನಲ್ಲಿಯೂ ನ್ಯಾಯಾಲಯದ ವಿಚಾರಣೆಯಲ್ಲಿ ಸುಳ್ಳು ಸಾಕ್ಷಿಗೆ 7 ವರುಷಗಳ ವರೆಗೆ ಸೆರೆವಾಸವುಂಟು. ಸುಳ್ಳು ದೂರು ಕೊಟ್ಟವನಿಂದ ರಕ್ಷಣೆಗೆ ಆದ ವೆಚ್ಚವನ್ನು ವಸೂಲು ಮಾಡಬಹುದೆಂದು 2018ರ ಯೋಜನೆಯಲ್ಲಿಯೇ ಬರೆದಿದೆ.

ಆದದರಿಂದ ಹೆಸರಿಲ್ಲದ ಕಾಗದಕ್ಕೂ ಹೆಸರು ಮರೆಮಾಡಿದ ಸಾಕ್ಷಿಗೂ ಭೂಮಿ ಆಕಾಶದಷ್ಟು ಭೇದವಿದೆ. ರಾತ್ರಿಯಲ್ಲಿ ಗೋಡೆಗೆ ಅಂಟಿಸಿದ ಅನಾಮಧೇಯ ಪತ್ರವನ್ನು ಬರೆದವನು ಯಾರಿಗೂ ಉತ್ತರವಾದಿಯಲ್ಲ. ಅವನು ಕಲ್ಲೆಸೆದು ಓಡಿಹೋಗುವವನು. ರಕ್ಷಣೆ ಪಡೆದ ಸಾಕ್ಷಿಯಾದರೋ ತನ್ನ ಹೆಸರನ್ನು ನ್ಯಾಯಾಧೀಶನ ಕೈಯಲ್ಲಿ ಕೊಟ್ಟಿದ್ದಾನೆ. ಸುಳ್ಳಾಡಿದರೆ ಅದೇ ಹೆಸರಿನಿಂದ ಅವನನ್ನು ಹಿಡಿಯಬಹುದು. ಶತ್ರುವಿನಿಂದ ಮುಖ ಮುಚ್ಚಿಕೊಳ್ಳುವುದಕ್ಕೆ ಅಪ್ಪಣೆಯುಂಟು, ನ್ಯಾಯದಿಂದ ಮುಚ್ಚಿಕೊಳ್ಳುವುದಕ್ಕೆ ಅಪ್ಪಣೆಯಿಲ್ಲ.

ಸಹೋದರ ಸಹೋದರಿಯರೇ, ಇಷ್ಟು ವಿಚಾರಿಸಿದ ಮೇಲೆ ನಮ್ಮ ಕರ್ತವ್ಯಗಳನ್ನೂ ನೋಡಬೇಕು. ಊರಲ್ಲಿ ಘಾತವಾದಾಗ ಪೊಲೀಸರಿಗೆ ಯಾರು ಹೇಳಿದರೆಂದು ಹುಡುಕುವ ಚಟವನ್ನು ಬಿಡಿರಿ. ನೀರಿನ ನಲ್ಲಿಯ ಹತ್ತಿರ ಆಡಿದ ಒಂದು ಮಾತು ಬಾಗಲಕೋಟೆಯ ಸಮಿತಿಯವರು ಕಾಪಾಡಿದ ಗುಟ್ಟನ್ನು ಒಂದು ಗಳಿಗೆಯಲ್ಲಿ ಬಯಲುಮಾಡಬಲ್ಲದು. ಬಲಾತ್ಕಾರಕ್ಕೆ ಸಿಕ್ಕಿದ ಹೆಣ್ಣಿನ ಹೆಸರನ್ನು ಪ್ರಕಟಿಸುವುದು ಕಾನೂನಿನಲ್ಲಿ ಶಿಕ್ಷೆಗೆ ತಕ್ಕ ಅಪರಾಧವೆಂಬುದನ್ನು ನೆನಪಿನಲ್ಲಿಡಿರಿ. ದೊಡ್ಡವರು ಹಣ ಕೊಟ್ಟು, ಸಾಕ್ಷಿಯ ಬಾಯಿ ಮುಚ್ಚಿಸಿ ರಾಜಿಮಾಡಿಸೆಂದು ಸಭೆಯ ಹಿರಿಯನನ್ನು ಕಳುಹಿಸಿದರೆ ಅವನು ಆ ಹಣವನ್ನು ಮುಟ್ಟದಿರಲಿ. ಸಾಕ್ಷಿ ಹೇಳಿದವನ ಕೂಲಿ ನಿಂತರೆ ಅವನ ಮನೆಯ ಒಲೆ ಆರದಂತೆ ಸಭೆಯು ನೋಡಿಕೊಳ್ಳಲಿ. ನ್ಯಾಯಾಲಯಕ್ಕೆ ಹೋಗುವ ದಿವಸ ಅವನು ಒಬ್ಬನೇ ಬಸ್ಸು ಹತ್ತದಿರಲಿ. ನಿಮ್ಮ ಮೇಲೆ ತಪ್ಪುಹೊರಿಸಿದರೆ ಯಾವ ವಿಚಾರಣೆಯನ್ನು ನೀವು ಬಯಸುವಿರೋ, ಆಪಾದಿತನಿಗೂ ಅದನ್ನೇ ಬಯಸಿರಿ. ತೀರ್ಪು ಬರುವ ಮೊದಲು ಅವನನ್ನು ಕೊಲೆಗಾರನೆಂದು ಕರೆಯಬೇಡಿರಿ.

ಕಾಲುವೆಯ ದಾರಿಯಲ್ಲಿ ಕಂಡು ಸುಮ್ಮನಿದ್ದ ಆ ಕೂಲಿಯವನ ಬಳಿಗೆ ತಿರಿಗಿ ಹೋಗೋಣ. ಅವನಿಗೆ ಧೈರ್ಯದಿಂದಿರು ಎಂದು ಹೇಳುವುದು ಸುಲಭ. ಅದಕ್ಕಿಂತ ಮೊದಲು ನಾವು ನಮ್ಮನ್ನು ಕೇಳಿಕೊಳ್ಳಬೇಕು: ಅವನು ಬಾಯಿ ತೆರೆದರೆ ಅವನ ಗುಟ್ಟನ್ನು ಕಾಪಾಡುವ ನೆರೆಹೊರೆ ನಾವಾಗಿದ್ದೇವೋ? ಸಹಸ್ರಾಧಿಪತಿಯು ಅನ್ಯಜನಾಂಗದವನಾಗಿದ್ದರೂ ಒಬ್ಬ ಹುಡುಗನ ಕೈಹಿಡಿದು, ಒತ್ತಟ್ಟಿಗೆ ಕರಕೊಂಡು ಹೋಗಿ ಕೇಳಿದನು. ಕೇಳಿದ್ದನ್ನು ತನ್ನಲ್ಲಿಯೇ ಇಟ್ಟುಕೊಂಡನು. ಕರ್ತನ ಹೆಸರನ್ನು ಹೊತ್ತ ನಾವು ಅಷ್ಟನ್ನಾದರೂ ಮಾಡದೆ ಹೋದರೆ, ಆ ಬಡವನ ಮೌನದ ಪಾಪದಲ್ಲಿ ನಮಗೂ ಪಾಲಿದೆ. ಎಲ್ಲಾ ಹೆಸರುಗಳನ್ನು ಬಲ್ಲ ದೇವರು ನಮ್ಮ ನಾಲಿಗೆಗಳನ್ನು ಕಾಯಲಿ, ನಮ್ಮ ನ್ಯಾಯಾಧಿಪತಿಗಳಿಗೆ ವಿವೇಕವನ್ನು ಕೊಡಲಿ.